ಜೂನ್ ಒಂದರಂದು ಹುಟ್ಟಿದವರು

ನಮ್ಮ ಕಡೆ ಸೂಲಗಿತ್ತಿಯರು ಮಾಡಿಸಿದ ಹೆರಿಗೆಗಿಂತ ಶಾಲೆಯ ಮಾಸ್ತರರು ಮಾಡಿಸಿದ ಹೆರಿಗೆಯೇ ಜಾಸ್ತಿ. ಅದೂ ಎಲ್ಲ ಒಂದೇ ದಿನ, ಜೂನ್ ಒಂದನೇ ತಾರೀಖು. ನಾನು ಮುದ್ದೇಬಿಹಾಳದಲ್ಲಿ ನೌಕರಿ ಶುರು ಮಾಡಿದೆ, ಸಿಂದಗಿಯಲ್ಲಿ ಹತ್ತು ವರ್ಷ ಕಳೆದೆ, ಬಸವನ ಬಾಗೇವಾಡಿಯಲ್ಲಿ ಸ್ವಲ್ಪ ಕಾಲ ಇದ್ದು ಕೊನೆಗೆ ಇಂಡಿಗೆ ಬಂದು ಬಿದ್ದೆ. ನಾಲ್ಕು ತಾಲೂಕಿನ ದಾಖಲಾತಿ ರಿಜಿಸ್ಟರುಗಳನ್ನು ಕಣ್ಣಾರೆ ಕಂಡಿದ್ದೇನೆ. ಎಲ್ಲಿ ತೆರೆದರೂ ಜನ್ಮದಿನಾಂಕದ ಸಾಲಿನಲ್ಲಿ ಒಂದು, ಆರು, ಒಂದು, ಆರು. ಊರಿಗೆ ಊರೇ ಮೇ ಮೂವತ್ತೊಂದರ ತನಕ ಹೊಟ್ಟೆ ಹಿಡಿದುಕೊಂಡು ಕೂತು, ಮರುದಿನ ಶಾಲೆಯ ಗಂಟೆ ಬಾರಿಸಿದ ಕೂಡಲೇ ಎಲ್ಲ ತಾಯಂದಿರೂ ಒಟ್ಟಿಗೆ ಹಡೆದಿದ್ದಾರೆ ಎಂದು ತಿಳಿಯಬೇಕು.

ಇದು ತಪ್ಪು ಅಂತ ನಮಗೆ ಯಾರಿಗೂ ಅನಿಸಿರಲಿಲ್ಲ. ತಾಯಿಯನ್ನು ಕೇಳಿದರೆ "ಜ್ವಾಳಾ ಕೊಯ್ಯೂ ಮುಂದ ಹುಟ್ಯಾನ್ರಿ" ಅನ್ನುತ್ತಾಳೆ. ತಂದೆಯನ್ನು ಕೇಳಿದರೆ "ನೀವಽ ಒಂದು ಹಾಕ್ರಿ ಅಕ್ಕೋರ, ನಿಮಗ ತಿಳ್ಯಂಗಿಲ್ಲೇನು" ಅನ್ನುತ್ತಾನೆ. ಶಾಲೆಯ ಹೆಣ್ಣು ಟೀಚರಿಗೆ ನಮ್ಮಲ್ಲಿ ಅಕ್ಕೋರು ಅನ್ನುತ್ತಾರೆ, ಅಕ್ಕೋರಿಗೆ ಎಲ್ಲ ತಿಳಿದಿರುತ್ತದೆ. ತಿಳಿದಿರಲಿ ಬಿಡಲಿ, ನಾವು ಹಾಕುತ್ತಿದ್ದೆವು. ಆರು ವರ್ಷ ತುಂಬಿರಬೇಕು ಅಂತ ನಿಯಮ, ತುಂಬಿಸುತ್ತಿದ್ದೆವು. ಕೊಡಕ್ಕೆ ನೀರು ತುಂಬಿಸುವುದಕ್ಕಾದರೂ ಬಾವಿಗೆ ಹೋಗಬೇಕು, ಇದಕ್ಕೆ ಕುರ್ಚಿಯಿಂದ ಏಳುವ ಕೆಲಸವೂ ಇರಲಿಲ್ಲ.

ಮಕ್ಕಳ ಹಕ್ಕು ಅನ್ನುವ ಮಾತನ್ನು ನಾನು ಮೊದಲು ಕೇಳಿದ್ದು ವಿಜಯಪುರದಲ್ಲಿ ನಡೆದ ಮೂರು ದಿನದ ತರಬೇತಿಯಲ್ಲಿ. ಬದುಕುವ ಹಕ್ಕು, ರಕ್ಷಣೆಯ ಹಕ್ಕು, ವಿಕಾಸದ ಹಕ್ಕು, ಭಾಗವಹಿಸುವ ಹಕ್ಕು ಎಂದು ನಾಲ್ಕನ್ನು ನಮ್ಮ ಕೈಯಲ್ಲಿ ಮಗ್ಗಿಯ ಹಾಗೆ ಒಪ್ಪಿಸಿಕೊಂಡರು. ಮಕ್ಕಳು ಹೇಳುವುದನ್ನು ಕಿವಿಗೊಟ್ಟು ಕೇಳಬೇಕು ಎಂದು ತರಬೇತಿ ಕೊಡುವ ಮನುಷ್ಯ ಮೂರು ದಿನವೂ ತಾನೇ ಮಾತಾಡಿದ. ನಡುವೆ ಒಬ್ಬ ಮಾಸ್ತರು ಕೈ ಎತ್ತಿದರೆ "ಪ್ರಶ್ನೆ ಕಡೀಕ್ರಿ" ಅಂದ. ಕಡೆಗೆ ಚಹಾ ಬಂತು, ಪ್ರಶ್ನೆ ಬರಲಿಲ್ಲ. ನಾನು ಆ ಚೀಲ, ಆ ಪ್ಯಾಡು, ಆ ಪೆನ್ನು ತಗೊಂಡು ಮನೆಗೆ ಬಂದೆ. ಆ ಪೆನ್ನಿನಿಂದಲೇ ಮುಂದಿನ ಜೂನಿನಲ್ಲಿ ಹುಡುಗರ ವಯಸ್ಸು ತುಂಬಿಸಿದ್ದೇನೆ ಅಂದರೆ ನಂಬಿ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಇಂಡಿಯಲ್ಲಿ ನನ್ನ ಮನೆ. ಶಾಲೆ ಇದ್ದದ್ದು ತಾಂಬಾ ಕಡೆ ಹೋಗುವ ಬಸ್ಸಿನಲ್ಲಿ ಅರ್ಧ ತಾಸಿನ ದಾರಿಯ ಒಂದು ಊರಿನಲ್ಲಿ. ಊರಿನ ಹೆಸರು ಬೇಡ. ಹನ್ನೆರಡು ವರ್ಷದ ಹಿಂದಿನ ಜೂನ್‌ನಲ್ಲಿ ಒಬ್ಬ ತಾಯಿ ಒಂದು ಹುಡುಗಿಯ ಕೈ ಹಿಡಿದುಕೊಂಡು ಬಂದಳು. ಹುಡುಗಿ ಅವಳ ಸೀರೆಯ ನೆರಿಗೆಯೊಳಗೆ ಅರ್ಧ ಮುಚ್ಚಿಕೊಂಡಿತ್ತು.

"ದಸರಾ ಆದ ಮ್ಯಾಲೆ ನಾವು ಗಡಿ ಆಚೆ ಕಬ್ಬು ಕಡಿಯಾಕ ಹೊಕ್ಕೇವ್ರಿ ಅಕ್ಕೋರ. ಇಕಿ ಆಯಿ ಕಡೆ ಇರ್ತಾಳ. ಆಯಿಗೆ ಕಣ್ಣು ಸರಿ ಕಾಣಂಗಿಲ್ಲ. ಸಾಲ್ಯಾಗ ಕುಂತ್ರ ಒಂದು ಹೊತ್ತಿನ ಊಟರೆ ಆಗತೈತಿ, ಯಾರರೆ ನೋಡಾವ್ರು ಇರ್ತಾರ" ಅಂದಳು. ಆಯಿ ಅಂದರೆ ನಮ್ಮ ಕಡೆ ಅಜ್ಜಿ. ಊರಲ್ಲಿ ಅಂಗನವಾಡಿ ಇತ್ತು, ಅದರ ಬೀಗ ತೆಗೆದದ್ದನ್ನು ನೋಡಿದವರು ಕಡಿಮೆ.

ಹುಡುಗಿಗೆ ನಾಲ್ಕು ಮುಗಿದು ಐದು ತಿಂಗಳು. ನಾನು ಹಳೆಯ ಪರೀಕ್ಷೆ ಮಾಡಿದೆ: ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಅಂದೆ. ಅವಳ ಬೆರಳು ನೆತ್ತಿಯ ತನಕ ಬಂದು ನಿಂತವು. ನಾನು ಅವಳ ತಲೆಯನ್ನು ಹಿಡಿದು ಕೈಯ ಕಡೆ ಬಗ್ಗಿಸಿದೆ. "ಮುಟ್ಟಿತಲ್ಲ" ಅಂದೆ. ತಾಯಿ ನಕ್ಕಳು. ನಾನು ಬರೆದೆ: ಜೂನ್ ಒಂದು, ಆರು ವರ್ಷ.

ಈ ಕತೆಯನ್ನು ಬಹಳ ವರ್ಷ ನಾನು ನನ್ನ ಪುಣ್ಯದ ಕೆಲಸವೆಂದು ಹೇಳಿಕೊಂಡು ತಿರುಗಿದ್ದೇನೆ. ಬಡವರ ಮಗು, ಒಂದು ಹೊತ್ತಿನ ಅನ್ನ, ಸ್ವಲ್ಪ ನಿಯಮ ಬಾಗಿಸಿದರೇನಾಯಿತು, ಇತ್ಯಾದಿ. ಸತ್ಯ ಬೇರೆ. ಆ ವರ್ಷ ಒಂದನೇ ತರಗತಿಗೆ ಸಾಕಷ್ಟು ಮಕ್ಕಳು ಬಂದಿರಲಿಲ್ಲ. ಸಂಖ್ಯೆ ಇಳಿದರೆ ಶಾಲೆಯಲ್ಲಿ ಒಬ್ಬ ಶಿಕ್ಷಕರು ಹೆಚ್ಚುವರಿಯಾಗುತ್ತಾರೆ, ಅವರನ್ನು ಎತ್ತಿ ಯಾವುದೋ ಮೂಲೆಗೆ ಒಗೆಯುತ್ತಾರೆ. ಆ ಶಾಲೆಗೆ ಎಲ್ಲರಿಗಿಂತ ಕಡೆಗೆ ಬಂದವಳು ನಾನು. ಒಂದು ಹೆಸರು ಕಡಿಮೆ ಬಿದ್ದಿತ್ತು, ಸಿಕ್ಕಿತು. ನನ್ನ ಬಸ್ಸು, ನನ್ನ ಮನೆ, ನನ್ನ ಮಧ್ಯಾಹ್ನದ ನಿದ್ದೆ ಎಲ್ಲ ಉಳಿದವು.

ಮುಂದೆ ನಾನು ಅದೇ ಶಾಲೆಗೆ ಮುಖ್ಯೋಪಾಧ್ಯಾಯಿನಿಯಾದೆ. ಹುಡುಗಿ ಏಳನೇತ್ತೆ ಮುಗಿಸಿ ಹೈಸ್ಕೂಲಿಗೆ ಹೋದಳು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟು ಒಂದು ವರ್ಷ ಮನೆಯಲ್ಲಿ ಕೂತಳು, ಆಮೇಲೆ ಹೇಗೋ ಪಾಸಾಗಿ ಇಂಡಿಯ ಕಾಲೇಜಿಗೆ ಸೇರಿದಳು ಎಂದು ಯಾರೋ ಹೇಳಿದರು. ನನಗೆ ಅವಳ ನೆನಪೂ ಅಷ್ಟಕ್ಕಷ್ಟೇ.

ಕಳೆದ ನವೆಂಬರಿನಲ್ಲಿ ಪಂಚಾಯತಿಯ ಮುಂದೆ ಪೆಂಡಾಲು ಹಾಕಿದರು. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮ ಸಭೆ ಮಾಡಬೇಕು: ಮಕ್ಕಳು ಪ್ರಶ್ನೆ ಕೇಳಬೇಕು, ಅಧಿಕಾರಿಗಳು ಉತ್ತರ ಕೊಡಬೇಕು. ನಾವು ಅದನ್ನು ಹೇಗೆ ಮಾಡುತ್ತೇವೆಂದು ಹೇಳಿಬಿಡುತ್ತೇನೆ, ನಾಚಿಕೆ ಪಡುವಷ್ಟು ವಯಸ್ಸು ನನಗೀಗ ಇಲ್ಲ. ಹಿಂದಿನ ದಿನ ಪಂಚಾಯತಿಯಿಂದ ಉತ್ತರಗಳ ಕಾಗದ ಬರುತ್ತದೆ. ಆ ಉತ್ತರಕ್ಕೆ ಹೊಂದುವ ಪ್ರಶ್ನೆಗಳನ್ನು ನಾವು ಬರೆಯುತ್ತೇವೆ. ಚೀಟಿ ಮಾಡಿ ಚೆನ್ನಾಗಿ ಓದುವ ಹುಡುಗರಿಗೆ ಹಂಚುತ್ತೇವೆ. "ನಮ್ಮ ಊರಿಗೆ ಗ್ರಂಥಾಲಯ ಯಾವಾಗ ಬರುವುದು?" ಎಂದು ಹುಡುಗ ಒದರುತ್ತಾನೆ. "ಬಹಳ ಒಳ್ಳೆಯ ಪ್ರಶ್ನೆ" ಎಂದು ಅಧಿಕಾರಿ ಬೆರಗಾಗುತ್ತಾನೆ. ಆ ಬೆರಗನ್ನು ನೋಡಬೇಕು ನೀವು, ಬಯಲಾಟದವರಿಗೂ ಬರುವುದಿಲ್ಲ.

ನಾಲ್ಕನೇ ಚೀಟಿ ಮುಗಿದಿತ್ತು. ಹಿಂದಿನಿಂದ ಕಾಲೇಜಿನ ಯೂನಿಫಾರಂ ಹಾಕಿದ ಹುಡುಗಿಯೊಬ್ಬಳು, ಬಸ್ಸಿನಿಂದ ಇಳಿದು ಸೀದಾ ಬಂದವಳು, ಹೆಗಲಿನ ಚೀಲವನ್ನೂ ಇಳಿಸದೆ ಮೈಕಿಗೆ ಕೈ ಹಾಕಿದಳು. ಅವಳೇ.

"ನನ್ನ ಲಗ್ನಾ ನಿಶ್ಚೆ ಮಾಡ್ಯಾರ್ರಿ" ಅಂದಳು. "ಬರೂ ಐತಾರ ಅಕ್ಕಿಕಾಳ ಐತ್ರಿ, ಬಾಗೇವಾಡ್ಯಾಗ. ನನಗ ಇನ್ನಾ ಹದಿನೇಳು ತುಂಬಿಲ್ರಿ. ನನಗ ಓದೂದೈತಿ. ನಿಲ್ಲಸ್ತೀರೇನ್ರಿ?"

ಅಧಿಕಾರಿ ತನ್ನ ಉತ್ತರದ ಕಾಗದ ತಿರುಗಿಸಿ ಮುರುಗಿಸಿ ನೋಡಿದ. ಪಾಪ, ಆ ಉತ್ತರ ಅದರಲ್ಲಿರಲಿಲ್ಲ.

ಅಷ್ಟರಲ್ಲಿ ಹಿರಿಯರ ಸಾಲಿನಿಂದ ಅವಳ ಅಪ್ಪ ಎದ್ದ. ಸಿಟ್ಟೇನೂ ಇರಲಿಲ್ಲ, ನಗುತ್ತಲೇ ಬಂದ. "ಸಾಹೇಬ್ರ, ಹುಡುಗಿ ಮಾತು ಏನ್ ಕೇಳ್ತೀರಿ, ಸಾಲಿ ದಾಖಲೆ ನೋಡ್ರಿ" ಎಂದು ಅಂಗಿಯ ಕಿಸೆಯಿಂದ ಮಡಿಸಿದ ಕಾಗದ ತೆಗೆದ. ನನ್ನ ಸಹಿ, ನನ್ನ ಶಿಕ್ಕಾ. ಎರಡು ತಿಂಗಳ ಹಿಂದೆ ಜನ್ಮದಿನಾಂಕದ ದಾಖಲೆ ಬೇಕೆಂದು ಬಂದಿದ್ದ, ಬರೆದು ಕೊಟ್ಟಿದ್ದೆ. ಯಾಕೆ ಅಂತ ಕೇಳುವ ಗೋಜಿಗೂ ಹೋಗಿರಲಿಲ್ಲ.

ಅಧಿಕಾರಿ ಓದಿದ, ಓದುತ್ತ ಓದುತ್ತ ಅವನ ಮುಖಕ್ಕೆ ಜೀವ ಬಂತು. "ಏನವಾ, ಜೂನ್ ಒಂದಕ್ಕ ನಿನಗ ಹದಿನೆಂಟು ತುಂಬ್ಯಾವ. ನೀ ಈಗ ಮಗುನಽ ಅಲ್ಲ. ಇದು ಮಕ್ಕಳ ಗ್ರಾಮ ಸಭೆ. ಇಲ್ಲಿ ನಿನಗ ಪ್ರಶ್ನೆ ಕೇಳಾಕ ಬರಂಗಿಲ್ಲ."

ಜನ ನಕ್ಕರು. ಚೀಟಿ ಹಿಡಿದ ಹುಡುಗರೂ ನಕ್ಕರು, ಯಾಕೆಂದು ಅವಕ್ಕೆ ತಿಳಿದಿರಲಿಕ್ಕಿಲ್ಲ. ಹುಡುಗಿ ನಗಲಿಲ್ಲ, ಅಳಲಿಲ್ಲ. ವೇದಿಕೆಯ ಮೇಲೆ ಹೂವಿನ ಕುಂಡದ ಹಿಂದೆ ಕೂತಿದ್ದ ನನ್ನ ಕಡೆ ಕೈ ಮಾಡಿದಳು.

"ಅಕ್ಕೋರನ್ನ ಕೇಳ್ರಿ. ಅದನ್ನ ಬರದಾವ್ರು ಅವರು."

"ಏನ್ರಿ ಮೇಡಂ?" ಅಂದ ಅಧಿಕಾರಿ.

"ದಾಖಲೆದಾಗ ಹೆಂಗ ಐತಿ ಹಂಗಽ ಐತ್ರಿ" ಅಂದೆ ನಾನು.

ಸುಳ್ಳೂ ಅಲ್ಲದ, ನಿಜವೂ ಅಲ್ಲದ ಇಂಥ ಒಂದು ಮಾತು ಬಾಯಿಗೆ ತಾನಾಗಿ ಬರಬೇಕಾದರೆ ಮೂವತ್ತು ವರ್ಷ ಸರ್ಕಾರಿ ನೌಕರಿ ಮಾಡಿರಬೇಕು. ಥೂ ನನ್ನ! ಸಭೆ ಮುಂದುವರಿಯಿತು. ಕೊನೆಗೆ ಮಕ್ಕಳೆಲ್ಲ ಎದ್ದು ನಿಂತು ನಾಲ್ಕೂ ಹಕ್ಕುಗಳನ್ನು ಒಂದೇ ದನಿಯಲ್ಲಿ ಹೇಳಿದರು, ಬಿಸ್ಕೀಟಿನ ಪುಡಿಕೆ ಹಂಚಿದೆವು, ಫೋಟೊ ತೆಗೆದರು. ಫೋಟೊದಲ್ಲಿ ನಾನೂ ಇದ್ದೇನೆ.

ಮರುದಿನ ಬೆಳಿಗ್ಗೆ ಹುಡುಗಿ ಇಂಡಿಯ ನಮ್ಮ ಮನೆಗೇ ಬಂದಳು. ಕಾಲೇಜಿಗೆ ಹೋಗುವ ದಾರಿಯಲ್ಲಿ. ನನ್ನ ಯಜಮಾನರು ಪಡಸಾಲೆಯಲ್ಲಿ ಪೇಪರು ಓದುತ್ತಿದ್ದರು. ಕುಂದರು ಅಂದರೆ ಅವಳು ಕುಂದರಲಿಲ್ಲ.

"ನೀವು ಬರದದ್ದು ನೀವಽ ತಿದ್ರಿ ಅಕ್ಕೋರ."

"ಅದು ಅಷ್ಟು ಸರಳ ಅಲ್ಲವಾ. ಸಾಲಿ ದಾಖಲೆ ತಿದ್ದಬೇಕಂದ್ರ ಕೋರ್ಟಿಗೆ ಹೋಗಬೇಕಾಗತೈತಿ."

"ಬರಿಯೂ ಮುಂದ ಕೋರ್ಟಿಗೆ ಹೋಗಿದ್ರೇನ್ರಿ?"

ಪೇಪರಿನ ಹಿಂದೆ ಯಜಮಾನರು ಕೆಮ್ಮಿದರು. ಹುಡುಗಿ ಚೀಲದೊಳಗಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಹಳದಿ ಕಾರ್ಡು ತೆಗೆದು ಟೀಪಾಯಿಯ ಮೇಲಿಟ್ಟಳು. ಆಯಿಯ ಟ್ರಂಕಿನಿಂದ ತಂದದ್ದು. ಅವಳು ಹುಟ್ಟಿದ್ದು ಗಡಿಯಾಚೆ ಕಬ್ಬಿನ ಹೊಲದ ಪಕ್ಕದ ಗುಡಿಸಲಿನಲ್ಲಿ. ಅಲ್ಲಿಯ ಸರ್ಕಾರಿ ನರ್ಸು ಮೂರನೇ ದಿನ ಬಂದು ಮಗುವಿಗೆ ಹನಿ ಹಾಕಿ, ಲಸಿಕೆಯ ಕಾರ್ಡು ಬರೆದು ಕೊಟ್ಟಿದ್ದಾಳೆ. ಹುಟ್ಟಿದ ದಿನ, ತೂಕ, ತಾಯಿಯ ಹೆಸರು ಎಲ್ಲ ಇದೆ. ಎಲ್ಲ ಮರಾಠಿಯಲ್ಲಿ.

"ಪಂಚಾಯತ್ಯಾಗ ಯಾರಿಗೂ ಓದಾಕ ಬರಂಗಿಲ್ರಿ. ನಿಮಗ ಬರ್ತೈತಿ" ಅಂದಳು.

ಇಲ್ಲಿ ಒಂದು ಮಾತು ಇಷ್ಟು ಹೊತ್ತು ನಿಮ್ಮಿಂದ ಮುಚ್ಚಿಟ್ಟಿದ್ದೆ, ಈಗ ಹೇಳುತ್ತೇನೆ. ಆ ಕಾರ್ಡನ್ನು ನಾನು ಮೊದಲ ಸಲ ನೋಡುತ್ತಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಅವಳ ತಾಯಿ ಇದನ್ನೇ ನನ್ನ ಮೇಜಿನ ಮೇಲೆ ಇಟ್ಟಿದ್ದಳು. ನಮ್ಮ ಮನೆಯಲ್ಲಿ ಅರ್ಧ ಮಾತು ಮರಾಠಿ. ನನ್ನ ಅತ್ತೆ ಬೈಯುತ್ತಿದ್ದದ್ದೂ ದೇವರ ಮುಂದೆ ಹಾಡುತ್ತಿದ್ದದ್ದೂ ಮರಾಠಿಯಲ್ಲೇ. ನಾನು ಕಾರ್ಡನ್ನು ಸರಿಯಾಗಿ ಓದಿದ್ದೆ. ಓದಿ ಮಡಿಸಿ, "ಇದು ಮರಾಠಿ ಐತಿ, ನಮ್ಮಲ್ಲಿ ನಡ್ಯಂಗಿಲ್ಲ" ಎಂದು ವಾಪಸ್ಸು ಕೊಟ್ಟಿದ್ದೆ. ನಾಲ್ಕು ವರ್ಷ ಐದು ತಿಂಗಳು ಎಂದು ಮೇಲೆ ಅಷ್ಟು ಖಚಿತವಾಗಿ ಬರೆದೆನಲ್ಲ, ನನಗೆ ಹೇಗೆ ಗೊತ್ತಾಯಿತೆಂದು ನೀವು ಕೇಳಬೇಕಿತ್ತು.

ಹುಡುಗಿ ಕಾರ್ಡನ್ನು ಅಲ್ಲೇ ಬಿಟ್ಟು ಕಾಲೇಜಿಗೆ ಹೋದಳು. ಯಜಮಾನರು ಪೇಪರು ಮಡಿಸಿದರು.

"ಇನ್ನ ನಾಕು ತಿಂಗಳಿಗೆ ರಿಟೈರ್ ಆಗ್ತಿ. ಈಗ ಯಾಕ ಬೇಕು ಈ ಭಾನಗಡಿ? ಇವತ್ತಿಲ್ಲಾ ನಾಳೆ ಅಕಿ ಲಗ್ನಾ ಆಗೂದಽ. ವರ್ಷ ಹಿಂದ ಮುಂದ, ಏನ್ ಫರಕ್ ಬೀಳತೈತಿ?"

ಕರುಣೆ ಬಂದು ನಾನು ಬರೆಯಲು ಕೂತೆ ಎಂದು ತಿಳಿಯಬೇಡಿ. ಸಿಟ್ಟು ಬಂತು. ಏನು ಫರಕು ಅಂತೆ! ನಮ್ಮ ಮಗಳ ಹುಟ್ಟಿದ ಗಳಿಗೆಯನ್ನು ನಿಮಿಷ ಸಮೇತ ಬರೆದಿಟ್ಟು, ಜಾತಕ ಬರೆಸಲು ಸೋಲಾಪುರದ ತನಕ ಹೋಗಿಬಂದ ಮನುಷ್ಯ ಇವರು. ನಾಲ್ಕು ನಿಮಿಷ ಆಚೀಚೆಯಾದರೆ ಗ್ರಹ ತಪ್ಪುತ್ತದೆ ಎಂದು ಆಸ್ಪತ್ರೆಯ ಗಡಿಯಾರದ ಜೊತೆ ಜಗಳ ಮಾಡಿದ್ದರು. ನಮ್ಮ ಮಕ್ಕಳಿಗೆ ನಿಮಿಷದ ಲೆಕ್ಕ. ಕಬ್ಬು ಕಡಿಯುವವರ ಮಗಳಿಗೆ ಒಂದೂವರೆ ವರ್ಷ ಅತ್ತಿತ್ತಾದರೂ ನಡೆಯುತ್ತದೆ. ಹಕ್ಕು, ಹಕ್ಕು ಎಂದು ಬೋರ್ಡು ಬರೆಸುತ್ತೇವೆ. ತಾನು ಯಾವಾಗ ಹುಟ್ಟಿದೆ ಅನ್ನುವ ಒಂದು ತಾರೀಖನ್ನು ಮಗುವಿಗೆ ನೆಟ್ಟಗೆ ಬಿಟ್ಟುಕೊಡಲಾಗದವರು ಉಳಿದದ್ದನ್ನು ಏನು ಕೊಟ್ಟಾರು? ಅದೊಂದು ತಪ್ಪಿದರೆ ಶಾಲೆ, ಕಾಯಿದೆ, ರಕ್ಷಣೆ ಎಲ್ಲ ತಪ್ಪುತ್ತದೆ. ಕಾಯಿದೆಯೇ ಅವಳಿಗೆ, ನೀನು ಮಗುವಲ್ಲ, ನಡಿ ಅನ್ನುತ್ತದೆ. ನಾನು ಕಣ್ಣಾರೆ ನೋಡಿದೆನಲ್ಲ.

ಎರಡು ಪುಟ ಬರೆದೆ. ತಾರೀಖು ನಾನು ಸುಳ್ಳು ಹಾಕಿದ್ದು, ಕಾರ್ಡು ನೋಡಿಯೂ ಹಾಕಿದ್ದು, ಅದರ ಕನ್ನಡ ಅನುವಾದ, ಕೆಳಗೆ ಸಹಿ. ಮಕ್ಕಳ ಇಲಾಖೆಯ ಮೇಲ್ವಿಚಾರಕಿ ಅದನ್ನು ಓದಿ ನನ್ನ ಮುಖ ನೋಡಿದಳು. "ಮೇಡಂ, ಇದನ್ನ ಕೊಟ್ರ ನಿಮಗಽ ತ್ರಾಸ ಆಗತೈತ್ರಿ. ಒಮ್ಮೆ ವಿಚಾರ ಮಾಡ್ರಿ" ಅಂದಳು. ಹುಡುಗಿಗೆ ಆಗುವ ತ್ರಾಸದ ಬಗ್ಗೆ ವಿಚಾರ ಮಾಡು ಎಂದು ಅವಳು ಹೇಳಲಿಲ್ಲ. ನಾನು ಸ್ವೀಕೃತಿಯ ಸಹಿ ಹಾಕಿಸಿಕೊಂಡೇ ಎದ್ದೆ. ಅದೊಂದನ್ನು ಮಾತ್ರ ಇಲಾಖೆ ನನಗೆ ಚೆನ್ನಾಗಿ ಕಲಿಸಿದೆ.

ಶನಿವಾರ ಮಕ್ಕಳ ಇಲಾಖೆಯವರು ಪೊಲೀಸರನ್ನು ಕರೆದುಕೊಂಡು ಊರಿಗೆ ಹೋದರು. ಅಪ್ಪ ಮುಚ್ಚಳಿಕೆ ಬರೆದುಕೊಟ್ಟ: ಹದಿನೆಂಟು ತುಂಬುವ ತನಕ ಮದುವೆ ಮಾಡುವುದಿಲ್ಲ. ಬಾಗೇವಾಡಿಯ ಬೀಗರು ಚಪ್ಪರ ಬಿಚ್ಚಿದರು. ಊರಲ್ಲಿ ನನಗೆ ಬೈಗುಳದ ಮಂಗಳಾರತಿಯಾಯಿತು. "ಇಂಡಿ ಅಕ್ಕೋರಿಗೆ ನಮ್ಮ ಮನಿ ಉಸಾಬರಿ ಯಾಕ ಬೇಕಿತ್ತು?" ಎಂದು ನನಗೆ ಕೇಳುವಂತೆಯೇ ಬಸ್ ಸ್ಟ್ಯಾಂಡಿನಲ್ಲಿ ಅಂದರು. ಸುಳ್ಳು ಬರೆದು ಹನ್ನೆರಡು ವರ್ಷ ಯಾರೂ ನನ್ನನ್ನು ಒಂದು ಮಾತು ಕೇಳಿರಲಿಲ್ಲ. ನಿಜ ಬರೆದ ಹದಿನೈದು ದಿನಕ್ಕೆ ಕಾರಣ ಕೇಳಿ ನೋಟೀಸು ಬಂತು. ದಾಖಲೆಯಲ್ಲಿ ತಪ್ಪು ದಿನಾಂಕ ನಮೂದಿಸಿದ್ದೇಕೆ, ಏಳು ದಿನದೊಳಗೆ ಉತ್ತರಿಸಿ.

ನನಗೆ ಒಳಗೊಳಗೇ ಹೆಮ್ಮೆ. ನೋಟೀಸನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡು ಕೂತಿದ್ದೆ. ಆ ವಾರವೇ ಹುಡುಗಿ ಶಾಲೆಗೆ ಬಂದಳು. ಧನ್ಯವಾದ ಹೇಳಲು ಬಂದಿದ್ದಾಳೆ, ಕಾಲಿಗೆ ಬೀಳಲು ಬಂದರೆ ಬೇಡ ಅನ್ನಬೇಕು ಎಂದು ಮನಸ್ಸಿನಲ್ಲೇ ತಯಾರಾದೆ.

"ಏನವಾ, ಈಗ ಸಮಾಧಾನ ಆತಿಲ್ಲೋ?"

"ಕಾರ್ಡು ವಾಪಸ್ ಒಯ್ಯಾಕ ಬಂದೇನ್ರಿ" ಅಂದಳು.

ಕೊಟ್ಟೆ. ತಗೊಂಡಳು. ಹೋಗಲಿಲ್ಲ. ನಮ್ಮ ಆಫೀಸಿನ ಕಿಟಕಿಯಿಂದ ಒಂದನೇ ತರಗತಿಯ ಕೋಣೆ ಕಾಣುತ್ತದೆ; ಅದರ ಕಡೆ ನೋಡುತ್ತ ನಿಂತಳು.

"ಅಕ್ಕೋರ, ಒಂದನೇತ್ತ್ಯಾಗ ನಾ ಚಾಪಿ ಮ್ಯಾಲೆ ಉಚ್ಚಿ ಹೊಯ್ಕೊಂಡಿದ್ದೆ. ನೆನಪೈತೇನ್ರಿ? ಎಲ್ಲಾರ ಮುಂದ ನಿಲ್ಲಿಸಿ, ಆರು ವರ್ಷದ ಕತ್ತೆ, ನಾಚಿಕಿ ಬರಂಗಿಲ್ಲೇನು ಅಂದ್ರಿ. ಸಾಲಿ ಬಿಡೂ ತನಕಾ ಹಂಗಽ ನಿಂತಿದ್ದೆ."

ನಾನು ಮೇಜಿನ ಮೇಲಿನ ನೋಟೀಸನ್ನು ಮಡಿಸಿದೆ.

"ಬಳಪ ಹಿಡಿಯಾಕ ಬರ್ತಿದ್ದಿಲ್ಲ. ದಡ್ಡಿ ಅಂತಿದ್ರಿ. ಹುಡುಗೂರೂ ದಡ್ಡಿ ಅಂತನಽ ಕರೀತಿದ್ರು. ನಮ್ಮಪ್ಪಗೂ ನೀವಽ ಹೇಳಿದ್ರಿ, ಇಕಿ ತಲಿಗೆ ಹತ್ತಂಗಿಲ್ಲ ಅಂತ. ಗಣಿತದಾಗ ನಾಪಾಸ್ ಆದಾಗ ಅಂವ ಅದನ್ನಽ ಅಂದ. ಅಕ್ಕೋರು ಆಗಽ ಹೇಳಿದ್ರು, ಇಕಿಗೆ ಸಾಲಿ ಹತ್ತಂಗಿಲ್ಲ, ಲಗ್ನಾ ಮಾಡೂದಽ ಚೊಲೊ ಅಂತ." ಅವಳು ನನ್ನ ಕಡೆ ತಿರುಗಿದಳು. "ನನಗ ನಾಕು ವರ್ಷ ಅಂತ ನಿಮಗ ಗೊತ್ತಿತ್ತಲ್ರಿ?"

"ಮರ್ತಿದ್ದೆನವಾ" ಅಂದೆ.

ಅದು ನಿಜ. ಆರು ಎಂದು ಬರೆದ ದಿನದಿಂದ ನನ್ನ ಕಣ್ಣಿಗೂ ಅವಳು ಆರೇ ಆಗಿದ್ದಳು. ಊರಿಗೆ ಹೇಳಿದ ಸುಳ್ಳನ್ನು ಎಲ್ಲರಿಗಿಂತ ಮೊದಲು ನಂಬಿದವಳು ನಾನೇ. ಅವಳು ತೊದಲಿದಾಗ, ಅತ್ತಾಗ, ಊಟದ ಮೇಲೆ ತಟ್ಟೆಯ ಮುಂದೆಯೇ ನಿದ್ದೆ ಹೋದಾಗ, ಇದು ಎಂಥ ಮಂಕು ಹುಡುಗಿ ಎಂದು ರೇಗಿದ್ದೇನೆ.

"ನೋಟೀಸಿಗೆ ಉತ್ತರಾ ಬರೀತೀರಲ್ರಿ, ಇದನ್ನೂ ಬರೀರಿ" ಅಂದಳು. ಬಸ್ಸಿನ ಹೊತ್ತಾಗಿತ್ತು, ಹೋದಳು.

ನಾನು ಉತ್ತರ ಬರೆದೆ. ಅದನ್ನು ಬರೆಯಲಿಲ್ಲ. ಅವರು ಕೇಳಿದ್ದು ತಾರೀಖಿನ ತಪ್ಪನ್ನಷ್ಟೇ. ನಾಲ್ಕು ವರ್ಷದ ಮಗುವನ್ನು ಒದ್ದೆ ಲಂಗದಲ್ಲಿ ಇಡೀ ಮಧ್ಯಾಹ್ನ ಯಾಕೆ ನಿಲ್ಲಿಸಿದೆ ಎಂದು ಯಾರೂ ಕೇಳಿರಲಿಲ್ಲ.